ಸೋಮವಾರದ ಮೂರು ಗೆರೆ

ಚರ್ರ್ ಎಂದು ನೀಲಿ ಟೇಪು ಸುರುಳಿಯಿಂದ ಬಿಚ್ಚಿಕೊಂಡಿತು. ತಗಡಿನ ಶೆಡ್ಡಿನೊಳಗೆ ಆ ಸದ್ದು ಹೊಸ ಬಟ್ಟೆ ಹರಿದಂತೆ ಕೇಳಿಸಿತು. ವೆಂಕಟೇಶಪ್ಪ ಟೇಪಿನ ಒಂದು ತುದಿಯನ್ನು ಕಾರಿನ ಮುಂಗಾಜಿನ ಕೆಳಗೆ ಅಂಟಿಸಿ, ಇನ್ನೊಂದು ತುದಿಯನ್ನು ಬಾನೆಟ್ಟಿನ ಮೂಗಿನವರೆಗೆ ಎಳೆದು ತಂದು, ಹೆಬ್ಬೆರಳಿನಿಂದ ಉದ್ದಕ್ಕೂ ತೀಡಿದ. ಕಡುನೀಲಿ ಬಾನೆಟ್ಟು ಸರಿಯಾಗಿ ಎರಡು ಪಾಲಾಯಿತು.

ಒಂದು ಪಾಲಿಗೆ ಮಷೀನು ಹಿಡಿದು, ಇನ್ನೊಂದು ಪಾಲನ್ನು ಇದ್ದ ಹಾಗೇ ಬಿಟ್ಟು, ಆಮೇಲೆ ಟೇಪು ಕಿತ್ತು ಗಿರಾಕಿಗೆ ತೋರಿಸುವುದು ಕಾರು ಪಾಲಿಶ್ ಮಾಡುವವರ ಪದ್ಧತಿ. ಬಾಯಲ್ಲಿ ಎಷ್ಟು ಹೇಳಿದರೂ ನಂಬದ ಗಿರಾಕಿ, ಅಕ್ಕಪಕ್ಕದ ಆ ಎರಡು ಅರ್ಧಗಳನ್ನು ನೋಡಿದ ಕೂಡಲೇ ಮಾತು ನಿಲ್ಲಿಸುತ್ತಾನೆ. ವೆಂಕಟೇಶಪ್ಪನ ಮನಸ್ಸಿನಲ್ಲಿದ್ದದ್ದೂ ಅಷ್ಟೇ. ಟೇಪಿನ ಅಡಿಯಲ್ಲಿ, ಅದರ ಎರಡೂ ಕಡೆಗೆ ಒಂದೊಂದು ಗೇಣು ಚಾಚಿಕೊಂಡು, ಅಡ್ಡಕ್ಕೆ ಮೂರು ಮಂಕು ಗೆರೆಗಳಿದ್ದವು. ಅವನು ಅವನ್ನು ನೋಡಿದ್ದ. ಅವು ತೀರಿಕೊಂಡ ಒಬ್ಬ ಮನುಷ್ಯನ ಬೆರಳಿನ ಗುರುತುಗಳು, ಆ ಮನುಷ್ಯನ ಹೆಂಡತಿಗೆ ಈ ಕಾರಿನಲ್ಲಿ ಉಳಿಯಬೇಕಾಗಿದ್ದದ್ದು ಅವಿಷ್ಟೇ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಅವನು ಮಷೀನಿನ ಗುಂಡಿ ಒತ್ತಿದ.

ವೆಂಕಟೇಶಪ್ಪ ವೈಟ್‌ಫೀಲ್ಡಿನ ಪಕ್ಕದ ಹೂಡಿಯವನು. ಐವತ್ತನಾಲ್ಕು ವರ್ಷದ ಹಿಂದೆ, ಅಲ್ಲಿ ರಾಗಿ ಹೊಲಗಳಿದ್ದಾಗ ಹುಟ್ಟಿದವನು. ಹೊಲಗಳೆಲ್ಲ ಒಂದೊಂದಾಗಿ ಅಪಾರ್ಟ್‌ಮೆಂಟುಗಳ ಅಡಿಪಾಯಕ್ಕೆ ಸೇರಿ, ಮನೆತನಕ್ಕೆ ಉಳಿದದ್ದು ಮುಖ್ಯರಸ್ತೆಯ ಪಕ್ಕದ ಒಂದು ಜಾಗ. ಅದರ ಅರ್ಧದಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆಗಳು, ಮಿಕ್ಕರ್ಧದಲ್ಲಿ ಈ ಶೆಡ್ಡು. ಅಣ್ಣಂದಿರು ಬಾಡಿಗೆಯ ಲೆಕ್ಕದಲ್ಲಿ ನೆಮ್ಮದಿಯಾಗಿದ್ದರು. ಇವನಿಗೆ ಸುಮ್ಮನೆ ಕೂರುವುದು ಒಗ್ಗಲಿಲ್ಲ. ಡ್ರೈವರ್ ಆದ. ವೈಟ್‌ಫೀಲ್ಡಿನ ಕಂಪನಿಗಳ ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಹೋಟೆಲಿಗೆ ಬಿಡುವುದು, ಮೀಟಿಂಗು ಮುಗಿಯುವವರೆಗೆ ಕಾಯುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ಓಡಿಸಿದ್ದಕ್ಕಿಂತ ಕಾದದ್ದೇ ಹೆಚ್ಚು.

ಮಿಕ್ಕ ಡ್ರೈವರುಗಳು ಸೀಟು ಹಿಂದಕ್ಕೆ ಮಲಗಿಸಿ ನಿದ್ದೆ ಹೋಗುತ್ತಿದ್ದರು, ಇಲ್ಲವೇ ಬೇವಿನ ಮರದ ಕೆಳಗೆ ಗುಂಪುಗೂಡಿ ಇಸ್ಪೀಟು ಆಡುತ್ತಿದ್ದರು. ವೆಂಕಟೇಶಪ್ಪನಿಗೆ ಹಗಲುನಿದ್ದೆ ಹತ್ತುತ್ತಿರಲಿಲ್ಲ. ಡಿಕ್ಕಿಯಲ್ಲಿ ಒಂದು ವ್ಯಾಕ್ಸ್ ಡಬ್ಬಿ, ಹೆಂಡತಿಯ ಹಳೆಯ ನೂಲಿನ ಸೀರೆಯ ತುಂಡುಗಳು ಯಾವಾಗಲೂ ಇರುತ್ತಿದ್ದವು. ಬಟ್ಟೆಗೆ ಅವರೆಕಾಳಿನಷ್ಟು ವ್ಯಾಕ್ಸ್ ತೆಗೆದುಕೊಂಡು, ಬಾಗಿಲಿನಿಂದ ಶುರುಮಾಡಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ, ಒಣಗಲು ಬಿಟ್ಟು, ಮತ್ತೆ ಒರೆಸಿ, ಹೀಗೆ ವರ್ಷಾನುಗಟ್ಟಲೆ ಸವರಿ ಸವರಿ ಅವನ ಅಂಗೈಗೆ ಕಾರಿನ ಮೈ ತಿಳಿದುಹೋಗಿತ್ತು. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರು ತೊಡಿಸಿಕೊಂಡು ಒಮ್ಮೆ ಸವರಿದರೆ, ಕಣ್ಣಿಗೆ ಕಾಣದ ಮರಳಿನ ಕಣವೂ ಅವನಿಗೆ ಸಿಗುತ್ತಿತ್ತು. ಎಲ್ಲಿ ಹಕ್ಕಿ ಹಿಕ್ಕೆ ಬಿದ್ದು ಬಣ್ಣ ಸುಟ್ಟಿದೆ, ಎಲ್ಲಿ ಯಾರೋ ಚೀಲ ಉಜ್ಜಿ ಹೋಗಿದ್ದಾರೆ, ಯಾವ ಬಾಗಿಲಿಗೆ ಎರಡನೇ ಸಲ ಬಣ್ಣ ಹೊಡೆಸಿದ್ದಾರೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ.

ಕ್ಲಚ್ ತುಳಿದು ತುಳಿದು ಎಡಮಂಡಿ ಕೈಕೊಟ್ಟಾಗ ಡ್ರೈವಿಂಗ್ ಬಿಟ್ಟ. ಅದೇ ಹೊತ್ತಿಗೆ ದೊಡ್ಡಣ್ಣನ ಮಗ ಹರ್ಷವರ್ಧನ್ ಈ ಶೆಡ್ಡಿನಲ್ಲಿ ಕಾರು ಪಾಲಿಶ್ ಅಂಗಡಿ ತೆರೆದು, "ಬಾ ಚಿಕ್ಕಪ್ಪ, ನಿನ್ ಕೈ ಇರ್ಬೇಕು ಇಲ್ಲಿ" ಎಂದು ಕರೆದ.

ಮಷೀನು ಬಂದದ್ದು ಆಮೇಲೆ. ಹಳಬರು ಮಷೀನನ್ನು ಕಂಡು ಮೂಗು ಮುರಿಯುತ್ತಾರೆಂದು ಹರ್ಷನಿಗೆ ಒಳಗೊಳಗೇ ಅಳುಕಿತ್ತು. ಆದದ್ದು ಬೇರೆ. ಮೊದಲ ದಿನವೇ ವೆಂಕಟೇಶಪ್ಪ ಅದಕ್ಕೆ ಮನಸೋತ. ಇಪ್ಪತ್ತಾರು ವರ್ಷ ಅವನು ಕೈಯಲ್ಲಿ ಮಾಡಿದ್ದೆಲ್ಲ ಗೀರಿನ ಮೇಲೆ ವ್ಯಾಕ್ಸಿನ ಪದರ ಹೊದಿಸಿ ಮುಚ್ಚಿಡುವ ಕೆಲಸ; ನಾಲ್ಕು ಮಳೆ ಬಂದರೆ ಗೀರು ಮತ್ತೆ ಎದ್ದು ಬರುತ್ತಿತ್ತು. ಈ ಮಷೀನು ಹಾಗಲ್ಲ. ಅಂಗೈಯಗಲದ ಪ್ಯಾಡಿಗೆ ಕಾಂಪೌಂಡು ಎಂಬ ಬಿಳಿಯ ಪಾಲಿಶ್ ಹಚ್ಚಿ ತಿರುಗಿಸಿದರೆ, ಅದು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಕೂದಲೆಳೆಯಷ್ಟು ಸವೆಸಿ, ಗೀರನ್ನು ಬೇರುಸಹಿತ ತೆಗೆದುಬಿಡುತ್ತಿತ್ತು. ತೆಗೆದದ್ದು ಮತ್ತೆ ಬರುವುದಿಲ್ಲ. ಈ ವಯಸ್ಸಿನಲ್ಲಿ ತನಗೊಂದು ವರ ಸಿಕ್ಕಿತೆಂದು ಅವನಿಗೆ ಅನ್ನಿಸಿತ್ತು. ಸಂಜೆ ಮನೆಗೆ ಹೋಗುವ ಮುನ್ನ ಅದರ ತಂತಿಯನ್ನು ಅವನೇ ಸುತ್ತಿಡುತ್ತಿದ್ದ, ಬೇರೆಯವರಿಗೆ ಬಿಡುತ್ತಿರಲಿಲ್ಲ.

ಈ ಕಾರು ಬಂದದ್ದು ಅಂದು ಬೆಳಿಗ್ಗೆ ಒಂಬತ್ತಕ್ಕೆ. ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಿಂದ ತಾಯಿ ಮಗಳು ತಂದಿದ್ದರು. ಮಗಳು ರಕ್ಷಿತಾ ಕೊರಳಲ್ಲಿ ಆಫೀಸಿನ ಗುರುತುಚೀಟಿ ಹಾಕಿಕೊಂಡೇ ಓಡಿಸಿಕೊಂಡು ಬಂದಿದ್ದಳು. ತಾಯಿ ಚನ್ನಬಸಮ್ಮ, ಅರವತ್ತರ ಆಸುಪಾಸಿನವರು, ಗದಗದ ಕಡೆಯವರು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ಕಾರಿನಿಂದ ಇಳಿದವರು ಹರ್ಷನ ಕಡೆ ನೋಡದೆ ನೇರವಾಗಿ ವೆಂಕಟೇಶಪ್ಪನ ಮುಂದೆ ಬಂದು ನಿಂತರು.

"ಮೊನ್ನೆ ಕಾಯಿಪಲ್ಲೆ ತರಾಕ ಹೊಂಟಾಗ ನೋಡಿದ್ನಿರಿ. ಬಿಳಿ ಗಾಡಿ ಒರಸಾಕತ್ತಿದ್ರಿ, ಕೂಸಿನ ಮೈ ಒರಸಿದಂಗ. ಇದನ್ನೂ ನೀವ ಮಾಡ್ಬೇಕು."

"ಮಾಡಣ ಬಿಡಿ ಅಮ್ಮ," ಎಂದ ವೆಂಕಟೇಶಪ್ಪ, ನಾಚಿಕೊಂಡು.

ಹರ್ಷ ಬಣ್ಣದ ಹಾಳೆಯೊಂದನ್ನು ಹಿಡಿದು ಮುಂದೆ ಬಂದ. "ಆಂಟಿ, ಗಾಡಿ ಎಂಟು ವರ್ಷದ್ದು. ಕೈ ವ್ಯಾಕ್ಸ್ ಆದ್ರೆ ಮೇಲ್ಮೇಲೆ ಅಷ್ಟೆ. ಮಷೀನ್ ಪಾಲಿಶ್ ಮಾಡಿಸ್ಬಿಡಿ, ಶೋರೂಮಿಂದ ಬಂದಂಗಾಗುತ್ತೆ. ಸ್ವಲ್ಪ ಜಾಸ್ತಿ ಆಗುತ್ತೆ, ಆದ್ರೆ..."

"ಮಷೀನ್ ಬ್ಯಾಡ್ರಿ," ಎಂದರು ಚನ್ನಬಸಮ್ಮ. "ಕೈಲೆ ಮಾಡ್ರಿ. ಇವರ ಕೈಲೆ."

"ಅಪ್ಪನ ಕಾರು," ಎಂದಳು ರಕ್ಷಿತಾ, ಅದೇ ಕಾರಣವೆಂಬಂತೆ. "ನಾಳೆ ಬೆಳಿಗ್ಗೆ ಊರಿಗೆ ಹೊರಡ್ತೀವಿ. ಅಪ್ಪಂದು ವರ್ಷದ ಪುಣ್ಯಸ್ಮರಣೆ. ನಾಲ್ಕು ಗಂಟೆಗೆ ಬರ್ತೀವಿ ಅಂಕಲ್."

ಹೊರಡುವಾಗ ಚನ್ನಬಸಮ್ಮ ಬಾನೆಟ್ಟಿನ ಮೇಲೆ ಒಂದು ಗಳಿಗೆ ಅಂಗೈ ಇಟ್ಟರು. ಏನೋ ಹೇಳಲು ಬಾಯಿ ತೆರೆದು, ಹರ್ಷ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದುದನ್ನು ಕಂಡು, ಸುಮ್ಮನಾದರು. ಕೇಳಿದವರು ನಕ್ಕುಬಿಡಬಹುದಾದ ಮಾತು ಅದು. ಗೊತ್ತಿಲ್ಲದವರ ಅಂಗಡಿಯಲ್ಲಿ ನಿಂತು ಆಡುವಂಥದ್ದಲ್ಲ. ಕೈಯಲ್ಲೇ ಮಾಡಿ ಎಂದಮೇಲೆ ಇನ್ನೇನು ಹೇಳುವುದಿದೆ ಎಂದುಕೊಂಡು ಮಗಳ ಹಿಂದೆ ನಡೆದರು.

ವೆಂಕಟೇಶಪ್ಪ ಕಾರು ತೊಳೆದ. ಬಾಗಿಲುಗಳಿಗೆ, ಮಾಡಿಗೆ, ಡಿಕ್ಕಿಗೆ ಮಾತು ಕೊಟ್ಟ ಹಾಗೆ ಕೈಯಲ್ಲೇ ವ್ಯಾಕ್ಸ್ ಹಚ್ಚಿದ. ಬಾನೆಟ್ಟಿನ ಮುಂದೆ ಬಂದಾಗ ಅವನ ಕೈ ನಿಂತಿತು. ಓರೆಬಿಸಿಲಿಗೆ ಆ ಮೂರು ಗೆರೆಗಳು ಕಂಡವು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರುಗಳ ಧೂಳಿನ ಮೇಲೆ ಮಕ್ಕಳು ಬೆರಳಾಡಿಸುವುದನ್ನು ಅವನು ಎಷ್ಟು ಸಲ ನೋಡಿಲ್ಲ! ಧೂಳು ಉಪ್ಪುಕಾಗದದ ಹಾಗೆ. ಬೆರಳು ಓಡಿದಲ್ಲೆಲ್ಲ ಬಣ್ಣ ಮಂಕಾಗುತ್ತದೆ. ಯಾವನೋ ಪೋಕರಿಯ ಕೆಲಸ ಎಂದುಕೊಂಡ. ಸತ್ತ ಯಜಮಾನನ ಕಾರು, ಅವನ ವರ್ಷದ ಕಾರ್ಯಕ್ಕೆ ಊರಿಗೆ ಹೋಗುವ ಕಾರು, ಮುಖದ ಮೇಲೆ ಇಂಥ ಗೀರು ಹೊತ್ತು ಹೋಗಬೇಕೇ? ಆಯಮ್ಮ ಮಷೀನು ಬೇಡವೆಂದದ್ದು ದುಡ್ಡಿಗೆ ಹೆದರಿ. ಗಂಡನಿಲ್ಲದ ಮನೆ, ಮಗಳ ಸಂಬಳ. ವ್ಯಾಕ್ಸ್ ಹಚ್ಚಿದರೆ ಗೀರು ಒಂದು ತಿಂಗಳು ಅಡಗೀತು, ಅಷ್ಟೇ. ಹರ್ಷ ಸಾಮಾನು ತರಲು ಮಾರತ್ತಹಳ್ಳಿಗೆ ಹೋಗಿದ್ದ. ಕೇಳುವವರಿರಲಿಲ್ಲ. ಅರ್ಧ ಮಾಡಿ ತೋರಿಸುತ್ತೇನೆ, ಅವರ ಮುಖ ಅರಳಿದರೆ ಮಿಕ್ಕರ್ಧವನ್ನೂ ಮಾಡಿಕೊಡುತ್ತೇನೆ, ಒಂದು ಕಾಸೂ ಬೇಡ ಎನ್ನುತ್ತೇನೆ ಎಂದು ನಿಶ್ಚಯಿಸಿ ಅವನು ಟೇಪು ಎಳೆದದ್ದು.

ಹೀಗೆ ಅವನು ಮಷೀನು ಹಿಡಿದದ್ದು ಒಳ್ಳೆಯ ಮನಸ್ಸಿನಿಂದ. ಅದನ್ನು ಇಲ್ಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಯಾರಿಗೂ ಅದನ್ನು ಹೇಳಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ.

ಪ್ಯಾಡು ಗುಂಯ್‌ಗುಡುತ್ತಾ ನಾಲ್ಕು ಸಲ ಅಡ್ಡ, ನಾಲ್ಕು ಸಲ ಉದ್ದ ಓಡಿತು. ಕಾರಿನ ಎದುರು ನಿಂತು ನೋಡುವವರಿಗೆ ಬಲಗಡೆಯ ಅರ್ಧ. ಒರೆಸಿ, ಟೇಪು ಕಿತ್ತು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಬಲಗಡೆ ತಗಡಿನ ಮಾಡಿನ ತೂತುಗಳೆಲ್ಲ ನಕ್ಷತ್ರಗಳ ಹಾಗೆ ಬಾನೆಟ್ಟಿನೊಳಗೆ ಇಳಿದಿದ್ದವು. ಎಡಗಡೆ ಮೂರು ಗೆರೆಗಳು ಬಂದು, ನಡುಮಧ್ಯೆ ಕತ್ತರಿಸಿದಂತೆ ನಿಂತುಹೋಗಿದ್ದವು.

ಒಂದೂವರೆಗೆ ಹೆಂಡತಿ ಕೃಷ್ಣಮ್ಮ ಊಟ ತಂದಳು. ಮನೆ ಶೆಡ್ಡಿನ ಹಿಂದೆಯೇ.

"ಮುದ್ದೆ ಆರೋಯ್ತದೆ, ಕೈ ತೊಳ್ಕೊ ಬಾ," ಎಂದವಳು ಕಾರನ್ನು ನೋಡಿ ನಿಂತಳು. "ಇದೇನಿದು, ಅರ್ಧ ಮೀಸೆ ಬೋಳಿಸ್ಕಂಡ್ ಬಂದೋನಂಗೆ ಅರ್ಧಕ್ಕೆ ಬುಟ್ಟಿದ್ದೀಯ?"

"ಬೇಕಂತ್ಲೆ ಬಿಟ್ಟಿವ್ನಿ. ಆಯಮ್ಮ ಬಂದು ನೋಡ್ಲಿ ಅಂತ. ಈ ಕಡೆ ಗೀರು ನೋಡು, ಆ ಕಡೆ ಉಡುಕು, ಸಿಕ್ಕಿದ್ರೆ ಕೇಳು."

ಕೃಷ್ಣಮ್ಮ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಗ್ಗಿ ನೋಡಿದಳು. ಹುಡುಗಾಟದ ಮುಖ ಮೆಲ್ಲಗೆ ಬದಲಾಯಿತು.

"ಗೀರಾ ಇದು? ಇಬೂತಿ ಪಟ್ಟೆ ಇದ್ದಂಗೈತಲ್ಲ. ಮೂರು ಬೆಳ್ಳಲ್ಲಿ ಎಳ್ದಂಗೆ." ತನ್ನ ಮೂರು ಬೆರಳುಗಳನ್ನು ಗೆರೆಗಳ ಮೇಲೆ ಗಾಳಿಯಲ್ಲೇ ಆಡಿಸಿದಳು. "ಯಾರ್ದು ಗಾಡಿ?"

ಬೆಳಿಗ್ಗೆ ಅಲ್ಲೇ ಊರಿದ್ದ ಅಂಗೈ ವೆಂಕಟೇಶಪ್ಪನ ಕಣ್ಣಿಗೆ ಕಟ್ಟಿತು. ವಿಭೂತಿ ಹಚ್ಚಿದ ಆ ಹಣೆಯೂ ಕಂಡಿತು.

ಗೂಡಿನಿಂದ ಟಾರ್ಚು ತಂದು ಗೆರೆಗಳ ಮೇಲೆ ಓರೆಯಾಗಿ ಬಿಟ್ಟ. ದೂರಕ್ಕೆ ಒಂದೇ ಎಂದು ಕಾಣುತ್ತಿದ್ದ ಪ್ರತಿ ಗೆರೆಯೊಳಗೂ ನೂರಾರು ಎಳೆಗಳು. ಒಂದರ ಮೇಲೊಂದು, ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ಯಾವ ಪೋಕರಿಯೂ ಒಂದೇ ಜಾಗದಲ್ಲಿ ನೂರಾರು ಸಲ ಬೆರಳಾಡಿಸುವುದಿಲ್ಲ. ಎಡತುದಿಯಲ್ಲಿ, ಬೆರಳು ಊರಿದ ಕಡೆ, ಗುರುತು ಆಳವಾಗಿತ್ತು. ಉಂಗುರ ಬೆರಳಿನ ಗೆರೆ ಉಳಿದೆರಡಕ್ಕಿಂತ ಒಂದಿಷ್ಟು ಕೆಳಗೆ ಜಾರಿ ಹೊರಟಿತ್ತು, ಬೆರಳು ಸೊಟ್ಟಗಿದ್ದವರದು. ಒಣ ವಿಭೂತಿಯ ನುಣುಪು ಬೂದಿ, ವಾರ ವಾರವೂ ಅದೇ ಜಾಗದಲ್ಲಿ, ಅದೇ ಒತ್ತಿನಲ್ಲಿ. ಬಣ್ಣದ ಮೇಲ್ಪದರ ಸವೆದು ಸವೆದು ಅದನ್ನು ಬರೆದಿಟ್ಟುಕೊಂಡಿತ್ತು.

"ಊಟ ಮಾಡಲ್ವಾ?" ಎಂದಳು ಕೃಷ್ಣಮ್ಮ.

"ನೀ ಓಗು," ಎಂದ. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದಳು.

ಎರಡೂವರೆಗೆ ಬಂದ ಹರ್ಷ, ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತು ಬಾನೆಟ್ಟನ್ನೇ ನೋಡುತ್ತಿರುವುದನ್ನು ಕಂಡು ಬೈಕು ನಿಲ್ಲಿಸಿದಲ್ಲಿಂದಲೇ ಕೂಗಿದ. "ಏನ್ ಚಿಕ್ಕಪ್ಪ, ಕಾರಲ್ಲಿ ಮುಖ ನೋಡ್ಕೊಂಡು ಕ್ರಾಪ್ ತೆಗೀತಿದ್ದೀಯಾ?"

ವಿಷಯ ಕೇಳಿದಮೇಲೆ ಅವನ ನಗು ಅಡಗಿತು. ಗೆರೆಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದ, ಎದ್ದು ತಲೆ ಕೆರೆದುಕೊಂಡ.

"ಅವ್ರು ಹೇಳ್ಬೇಕಿತ್ತಪ್ಪ. ನಮಗೇನ್ ಕನಸು ಬೀಳುತ್ತಾ?"

"ಮಷೀನ್ ಬ್ಯಾಡ ಅಂದಿದ್ರಲ್ಲೋ."

"ಹೂಂ. ಅಂದಿದ್ರು." ಹರ್ಷ ಸುಮ್ಮನೆ ಎರಡು ಸುತ್ತು ತಿರುಗಿದ. "ಆರುನೂರು ಮನೆ ಅಪಾರ್ಟ್‌ಮೆಂಟ್ ಅದು. ಗ್ರೂಪಲ್ಲಿ ಒಂದ್ ಮೆಸೇಜ್ ಹಾಕಿದ್ರೆ ಮುಗೀತು ನಮ್ ಕತೆ." ಆಮೇಲೆ ಥಟ್ಟನೆ ನಿಂತ. "ಚಿಕ್ಕಪ್ಪ. ನೀನೇ ಮತ್ತೆ ಎಳೆದುಬಿಡು."

"ಏನನ್ನ?"

"ಗೆರೇನ. ಎರಡು ಸಾವಿರ ನಂಬರ್ ವಾಟರ್ ಪೇಪರ್ ಇದೆಯಲ್ಲ, ನಯವಾದ ಉಪ್ಪುಕಾಗದ. ಮೂರು ಪಟ್ಟಿ ಕತ್ತರಿಸಿ ಬೆರಳಿಗೆ ಸುತ್ಕೋ. ಈ ಗೆರೆ ಎಲ್ಲಿ ನಿಂತಿದ್ಯೋ ಅಲ್ಲಿಂದ ಆ ಕಡೆ ಒಂದು ಗೇಣು ಎಳಿ. ನಿನ್ ಕೈಗೆ ಅದೆಷ್ಟರ ಕೆಲಸ? ಐದು ನಿಮಿಷ. ಆಂಟಿಗೆ ಹೆಂಗೆ ಗೊತ್ತಾಗುತ್ತೆ?"

ವೆಂಕಟೇಶಪ್ಪ ಎದ್ದ. ಬೇಡ ಎಂದು ಎದ್ದದ್ದಲ್ಲ. ಅವನಿಗೆ ಭಯವಾಗಿತ್ತು, ನಾಲ್ಕು ಗಂಟೆಗೆ ಆ ಹೆಂಗಸಿನ ಮುಖ ನೋಡುವುದಕ್ಕಿಂತ ಬೇರೆ ಯಾವ ದಾರಿಯಾದರೂ ಸರಿ ಅನ್ನಿಸಿತ್ತು. ಶೆಡ್ಡಿನ ಹಿಂದೆ, ಕೆಲಸ ಕಲಿಯುವವರಿಗೆಂದು ಇಟ್ಟಿದ್ದ ಹಳೆಯ ಕಾರಿನ ಬಾಗಿಲೊಂದಿತ್ತು. ಪೇಪರು ಕತ್ತರಿಸಿ, ಮೂರು ಬೆರಳಿಗೆ ಸುತ್ತಿ, ಮೊದಲು ಅದರ ಮೇಲೆ ಎಳೆದ. ಉಂಗುರ ಬೆರಳನ್ನು ಒಂದಿಷ್ಟು ಕೆಳಗೆ ಜಾರಿಸಿದ. ಎಳೆಯುತ್ತಾ ಹೋದಂತೆ ಒತ್ತು ಕಡಿಮೆ ಮಾಡಿದ. ಮತ್ತೆ ಅದರ ಮೇಲೆ, ಕೂದಲೆಳೆ ಮೇಲೆ, ಕೂದಲೆಳೆ ಕೆಳಗೆ, ಹತ್ತಾರು ಸಲ.

ಬಿಸಿಲಿಗೆ ಹಿಡಿದು ನೋಡಿದ. ಅದೇ. ಕಾರಿನ ಮೇಲಿದ್ದದ್ದೇ ಇಲ್ಲಿ ಬಂದು ಕೂತಂತಿತ್ತು.

"ಸಕ್ಕತ್!" ಎಂದ ಹರ್ಷ, ಹಿಂದಿನಿಂದ. "ಚಿಕ್ಕಪ್ಪ, ನೀನು ನೋಟು ಪ್ರಿಂಟ್ ಹಾಕ್ಬೇಕಿತ್ತು."

ವೆಂಕಟೇಶಪ್ಪ ಆ ಗೆರೆಗಳ ಮೇಲೆ ಬೆರಳಿಟ್ಟ. ಸುತ್ತಿದ್ದ ಪೇಪರನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಆಗಲ್ಲ ಕಣೋ."

"ಆಯ್ತಲ್ಲ, ಈಗ ಆಯ್ತಲ್ಲ!"

"ಬೆಳಿಗ್ಗೆ ಓಗೋವಾಗ ಆಯಮ್ಮ ಇದರ ಮೇಲೆ ಕೈ ಇಕ್ಕಿದ್ರು. ನಾ ನೋಡ್ದೆ. ನಾಳೆನೂ ಇಕ್ತಾರೆ, ಇನ್ನೊಂದ್ ವರ್ಷಕ್ಕೂ ಇಕ್ತಾರೆ." ಅವನು ತಡೆದು ತಡೆದು ಹೇಳಿದ. "ಗಂಡನ ಬೆಳ್ಳು ಅಂದ್ಕಂಡು ನನ್ ಬೆಳ್ಳು ಮುಟ್ಕಂಡು ಕೂತ್ಕೊಬೇಕಾ ಆಯಮ್ಮ? ಅದು ತಪ್ಪಲ್ವೇನೋ, ಹರ್ಷ? ಅಳಿಸಿದ್ದಕ್ಕಿಂತ ದೊಡ್ ತಪ್ಪಲ್ವಾ ಅದು?"

"ನಾನ್ ಮಾತಾಡ್ತೀನಿ ಬಿಡು, ನೀನು ಮಧ್ಯೆ ಬರ್ಬೇಡ," ಎಂದಷ್ಟೇ ಹೇಳಿ ಹರ್ಷ ಒಳಗೆ ಹೋದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ತಾಯಿ ಮಗಳು ಬಂದರು. ನಡೆದುಕೊಂಡು ಬಂದದ್ದರಿಂದ ಚನ್ನಬಸಮ್ಮನಿಗೆ ಏದುಸಿರು. ಹರ್ಷ ಕುರ್ಚಿ ಒರೆಸಿ ಮುಂದಿಟ್ಟು, ನೀರಿನ ಬಾಟಲಿ ಕೊಟ್ಟು, "ಆಂಟಿ, ಒಂದು ವಿಷಯ. ನಿಮಗೆ ಅಂತ ಸ್ಪೆಷಲ್ ಆಗಿ, ಫ್ರೀಯಾಗಿ, ಬಾನೆಟ್ ಮೇಲೆ ಸ್ವಲ್ಪ..." ಎಂದು ಶುರುಮಾಡಿದ.

"ಅಮ್ಮ," ಎಂದ ವೆಂಕಟೇಶಪ್ಪ.

ಅವನು ಕಾರಿಗೂ ಅವರಿಗೂ ನಡುವೆ ನಿಂತಿದ್ದ. ಪಕ್ಕಕ್ಕೆ ಸರಿದ.

"ನಾನೇ ಮಷೀನ್ ಹಿಡಿದೆ. ಈ ಹುಡುಗ ಇರಲಿಲ್ಲ. ನೀವು ಬೇಡ ಅಂದಿದ್ರಿ, ಆದ್ರೂ ಹಿಡಿದೆ. ಅದು ಏನು ಅಂತ ನನಗೆ ಗೊತ್ತಾಗಲಿಲ್ಲ, ಗೀರು ಅಂದ್ಕೊಂಡೆ. ಆ ಕಡೆ ಅರ್ಧ ಹೋಗೈತೆ. ಈ ಕಡೆ ಅರ್ಧ ಅಂಗೇ ಐತೆ."

ಚನ್ನಬಸಮ್ಮ ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಕಾರಿನ ಕಡೆ ನೋಡಿದರು. ಇಳಿಬಿಸಿಲು ಶೆಡ್ಡಿನೊಳಗೆ ಬಾನೆಟ್ಟಿನ ಮೇಲೇ ಬಿದ್ದಿತ್ತು, ಹುಡುಕುವ ಕಷ್ಟವಿರಲಿಲ್ಲ.

"ಅಂಕಲ್, ಏನ್ ಅಂಕಲ್ ನೀವು!" ರಕ್ಷಿತಾಳ ದನಿ ಏರಿತು. "ಅಷ್ಟು ಸಲ ಹೇಳಿದ್ವಲ್ಲ! ಒಂದು ಫೋನ್ ಮಾಡಿ ಕೇಳೋಕಾಗ್ತಿರಲಿಲ್ವಾ? ಅಮ್ಮ ಒಂದು ವರ್ಷದಿಂದ ಆ ಕಾರನ್ನ ಬೇರೆಯವರ ಕೈಲಿ ತೊಳೆಸಿಲ್ಲ, ಗೊತ್ತಾ ನಿಮಗೆ?"

"ರಕ್ಷಿ," ಎಂದರು ಚನ್ನಬಸಮ್ಮ. ಮಗಳು ತುಟಿ ಕಚ್ಚಿಕೊಂಡಳು.

ಅವರು ಎದ್ದು ಬಂದು ಕಾರಿನ ಮುಂದೆ ನಿಂತರು. ಯಾರನ್ನೂ ನೋಡದೆ ಮಾತಾಡಿದರು.

"ಸೋಮವಾರಕ್ಕೊಮ್ಮೆ ಪೂಜಿ ಮುಗಿಸಿ ಕೆಳಗ ಬರ್ತಿದ್ರು. ಕೈಯಾಗಿನ ಭಸ್ಮ ಗಾಡಿಗೆ ಹಚ್ಚೇ ಮತ್ತ ಮ್ಯಾಲೆ ಬಂದು ಚಾ ಕುಡೀತಿದ್ರು. ನಾನ ಬೈತಿದ್ದೆ, ಅದೇನು ಗಾಡಿನೋ ಅಳಿಯನೋ ಅಂತ. ನಿಂಗ ಹಚ್ಚತೇನಲ್ಲ, ಅದಕ್ಯಾಕ ಬ್ಯಾಡ ಅನ್ನೋರು." ಎಡಗಡೆಯ ಗೆರೆಗಳ ಹತ್ತಿರ ಕೈ ತಂದು, ಮುಟ್ಟದೆ ನಿಲ್ಲಿಸಿದರು. "ಇಲ್ಲಿ ಶುರು ಮಾಡ್ತಿದ್ರು. ಅಲ್ಲಿ ತನಕ ಹೋಗ್ತಿದ್ರು."

ಅಲ್ಲಿ ಈಗ ಅವರದೇ ಮುಖ ಕಾಣುತ್ತಿತ್ತು, ಕನ್ನಡಿಯಲ್ಲಿ ಕಂಡ ಹಾಗೆ.

ಹೊರಗೆ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಚನ್ನಬಸಮ್ಮ ವೆಂಕಟೇಶಪ್ಪನ ಕಡೆ ತಿರುಗಿದರು. ಮಧ್ಯಾಹ್ನದಿಂದ ಅವನು ಹೆದರಿದ್ದದ್ದು ಬೈಗುಳಕ್ಕೆ. ಅವರು ಬೈಯಲಿಲ್ಲ, ಕೇಳಿದರು.

"ಅಳಿಸೋವಾಗ ನಿಮ್ಮ ಕೈಗೆ ಏನೂ ತಿಳೀಲಿಲ್ಲೇನ್ರಿ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಮಷೀನಿನ ಅದುರು ಇನ್ನೂ ಮೊಣಕೈವರೆಗೆ ಇದ್ದಂತಿತ್ತು.

"ಮಷೀನ್ ಹಿಡಿದ್ರೆ ಕೈಗೆ ಮಷೀನ್ ಒಂದೇ ತಿಳಿಯೋದಮ್ಮ. ಕೆಳಗಡೆ ಏನೈತೆ ಅಂತ ತಿಳಿಯಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. "ಕೈಯಲ್ಲಿ ಮಾಡಿದ್ರೆ ತಿಳೀತಿತ್ತು. ಮೊದಲ್ನೇ ಸುತ್ತಲ್ಲೇ ತಿಳೀತಿತ್ತು. ನಿಲ್ಲಿಸಿ ನಿಮ್ಮನ್ನ ಕೇಳ್ತಿದ್ದೆ. ಅದಕ್ಕೇ ಅಲ್ವಾ ನೀವು ಕೈಯಲ್ಲಿ ಮಾಡು ಅಂದಿದ್ದು. ನಾನು ಕೇಳಲಿಲ್ಲ."

ಚನ್ನಬಸಮ್ಮನಿಗೆ ಕಣ್ಣೀರು ಬರಲಿಲ್ಲ, ಅದು ಬಂದಿದ್ದರೆ ಅಲ್ಲಿದ್ದ ಮೂವರಿಗೂ ಹಗುರವಾಗುತ್ತಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದರು.

"ಉಳಿದದ್ದಕ್ಕ ವ್ಯಾಕ್ಸ್ ಹಚ್ರಿ. ಬಿಸಲಿಗೆ, ಮಳಿಗೆ ಇದೂ ಹೋದ್ರ ಏನ್ ಮಾಡ್ಲಿ."

"ವ್ಯಾಕ್ಸ್ ಹಚ್ಚಿದ್ರೆ ಗೆರೆ ಒಂಚೂರು ಅಡಗ್ತದಮ್ಮ. ಅಳಿಸೋಗಲ್ಲ. ಆದ್ರೆ ಈಗ ಕಂಡಷ್ಟು ಕಾಣಲ್ಲ. ಮೊದ್ಲೇ ಹೇಳ್ಬಿಡ್ತೀನಿ."

"ಕಾಣಾಕ ಅಲ್ರಿ. ಇರಬೇಕು, ಅಷ್ಟ."

ವೆಂಕಟೇಶಪ್ಪ ವ್ಯಾಕ್ಸ್ ಡಬ್ಬಿಯ ಕಡೆ ನೋಡಿ, ಕೇಳಿದ.

"ನಾನೇ ಹಚ್ಚಬೌದಾ ಅಮ್ಮ?"

ಅವರು ಅವನ ಮುಖವನ್ನಲ್ಲ, ಕೈಗಳನ್ನು ನೋಡಿದರು. ಕಾಂಪೌಂಡಿನ ಬಿಳಿ ಉಗುರಿನ ಸಂದಿಯಲ್ಲಿ ಒಣಗಿ ಕೂತಿತ್ತು, ಬೆರಳ ಗೆಣ್ಣುಗಳ ಮೇಲೆ ಬಿರುಕು ಬಿಟ್ಟಿತ್ತು.

"ಮತ್ಯಾರು ಹಚ್ತಾರ," ಎಂದರು. ಆ ದನಿಯಲ್ಲಿ ಕ್ಷಮಿಸಿದ್ದೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಬಾನೆಟ್ಟಿನ ಎದುರಿಗೆ ಹಾಕಿ, ಕೂತರು. ಮುಗಿಯುವವರೆಗೆ ಅಲ್ಲಿಂದ ಏಳುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹರ್ಷನಿಗೆ ಈಗ ಬಾಯಿ ಬಂತು. "ಅಕ್ಕಾ, ಒಂದ್ನಿಮಿಷ," ಎಂದು ರಕ್ಷಿತಾಳ ಕಡೆ ತಿರುಗಿದ. "ಹಂಗಲ್ಲ, ನೋಡಿ. ಈ ಕಡೆ ಕನ್ನಡಿ, ಆ ಕಡೆ ಮಂಕು. ಊರಲ್ಲಿ ನಾಲ್ಕು ಜನ ನೋಡ್ತಾರೆ. ಎಲ್ಲಿ ಮಾಡಿಸಿದ್ರಿ ಅಂತಾರೆ. ಗೆರೆ ಇರೋ ಅಷ್ಟು ಜಾಗ ಬಿಟ್ಟು, ಸುತ್ತ ಟೇಪ್ ಹಾಕಿ, ಮಿಕ್ಕಿದ್ದನ್ನ ನಾನೇ ಹುಷಾರಾಗಿ..."

"ಮತ್ತೆ ಟೇಪ್ ಅಂದ್ರೆ ನೋಡಿ!" ಎಂದಳು ರಕ್ಷಿತಾ. "ಮಷೀನ್ ಮಾತೇ ಎತ್ತಬೇಡಿ ನೀವು. ಹೆಂಗಿದ್ಯೋ ಹಂಗೇ ಇರ್ಲಿ."

"ಅಲ್ಲ ಅಕ್ಕ, ನಿಮ್ಮ ಒಳ್ಳೇದಕ್ಕೇ ಹೇಳೋದು. ಅರ್ಧಕ್ಕೆ ಬಿಟ್ಟು ಕಳಿಸಿದ್ರೆ ನಮ್ ಅಂಗಡಿಗೂ... ಚಿಕ್ಕಪ್ಪ, ನೀನಾದ್ರೂ ಹೇಳು. ಹೇಳು ಚಿಕ್ಕಪ್ಪ, ಇಷ್ಟು ವರ್ಷ ಕೆಲಸ ಮಾಡಿದೋನು ನೀನು, ಹಿಂಗೆ ಯಾವತ್ತಾದ್ರೂ ಒಂದು ಗಾಡಿನ..."

ವೆಂಕಟೇಶಪ್ಪ ಆಗಲೇ ತಿರುಗಿದ್ದ. ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದಕ್ಕೆ ಹಿಡಿದುಕೊಂಡು, ಎಡಗಾಲನ್ನು ಸ್ವಲ್ಪ ಎಳೆಯುತ್ತಾ, ಕೈ ತೊಳೆಯಲು ಶೆಡ್ಡಿನ ಹಿಂದಿನ ನಲ್ಲಿಯ ಕಡೆಗೆ ನಡೆಯುತ್ತಿದ್ದ.